ಕುರ್ಚಿಯ ಹಿಂದೆ ನಿಂತ ಇಂಗ್ಲಿಷು

ಆ ಬೀದಿಯ ಕ್ಷೌರಿಕನಿಗೆ ಎಲ್ಲರೂ ಇಟ್ಟ ಹೆಸರು ‘ರೇಡಿಯೋ’. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದಾಗ ಶುರುವಾದ ಮಾತು ಸಂಜೆ ಷಟರ್ ಇಳಿಯುವವರೆಗೆ ನಿಲ್ಲುತ್ತಿರಲಿಲ್ಲ. ಗಿರಾಕಿಯ ಮನೆಯ ನಲ್ಲಿ ಸೋರುವುದರಿಂದ ಹಿಡಿದು ಲೋಕ ಕೆಟ್ಟುಹೋದದ್ದರ ತನಕ ಅವನಿಗೆ ಗೊತ್ತಿಲ್ಲದ ಸಂಗತಿಯೇ ಇಲ್ಲ. ಗೊತ್ತಿಲ್ಲದಿದ್ದರೂ ಹೇಳದೆ ಬಿಡುವ ಆಸಾಮಿಯಲ್ಲ.

ಇಂಥವನ ಬಾಯಿಗೆ ಸ್ವಂತ ಮನೆಯಲ್ಲೇ ಬೀಗ ಬಿದ್ದಿತ್ತು. ಮಗ ಮೆಚ್ಚಿ ಮದುವೆಯಾದ ಹುಡುಗಿಯ ಭಾಷೆಯೇ ಬೇರೆ. ಅತ್ತೆ ಸೊಸೆ ಕೈಸನ್ನೆಯಲ್ಲೇ ಹೇಗೋ ಸಂಭಾಳಿಸುತ್ತಿದ್ದರು. ಮಾವನಿಗೆ ಉಳಿದದ್ದು ಇಂಗ್ಲಿಷು. ಅದು ಅವಳಿಗೆ ನೀರು ಕುಡಿದಷ್ಟು ಸಲೀಸು, ಇವನಿಗೆ ಮಾತಾಡುವುದೆಂದರೆ ಕಬ್ಬಿಣದ ಕಡಲೆ. ಅವಳು ಎದುರಾದರೆ ಸಾಕು, ತಲೆಯಾಡಿಸಿ ಪೇಪರಿನಲ್ಲಿ ಮುಖ ಹುದುಗಿಸಿಬಿಡುತ್ತಿದ್ದ.

ಒಂದು ದಿನ ಮಗ ಅಂಗಡಿಗೇ ಬಂದ. “ಅಪ್ಪ, ನಿಮಗೆ ಅವಳನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದಾಳೆ. ನಿನ್ನೆ ತುಂಬಾ ಅತ್ತಳು,” ಎಂದ. ರೇಡಿಯೋ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಆ ಹುಡುಗಿಯನ್ನು ಕಂಡರೆ ಅವನಿಗೆ ಪ್ರಾಣ. ಅದನ್ನು ಹೇಳುವುದು ಹೇಗೆ?

ಮರುದಿನವೇ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ವಯಸ್ಕರ ಇಂಗ್ಲಿಷ್ ತರಗತಿಗೆ ಸೇರಿಕೊಂಡ. ಅಂಗಡಿಯ ಹಳೇ ಇಂಗ್ಲಿಷ್ ಪತ್ರಿಕೆಗಳನ್ನು ಮೂವತ್ತು ವರ್ಷ ತಿರುವಿ ಹಾಕಿದವನಲ್ಲವೆ, ಬರವಣಿಗೆ ನೋಡಿ ಟೀಚರ್ ಮಧ್ಯಮ ಹಂತದಲ್ಲೇ ಕೂರಿಸಿದರು. ಆ ತಿಂಗಳ ಪಾಠ ಭಾಷೆ ಮತ್ತು ಮಾತುಕತೆಯ ಬಗ್ಗೆ. ಯಾವ ಭಾಷೆಯಲ್ಲಿ ಕನಸು ಬೀಳುತ್ತದೆ, ಯಾವ ಭಾಷೆಯಲ್ಲಿ ಬೈಯುತ್ತೀರಿ ಎಂದು ಇಬ್ಬಿಬ್ಬರು ಎದುರುಬದುರು ಕೂತು ಇಂಗ್ಲಿಷಿನಲ್ಲಿ ಕೇಳಿ ಹೇಳಬೇಕು. ಅವನಿಗೆ ಜೊತೆಯಾದದ್ದು ಒಬ್ಬ ಬಸ್ ಡ್ರೈವರ್. “ನಾನು ಬೈಯುವುದು ಹಾರ್ನಿನಲ್ಲಿ,” ಎಂದು ಡ್ರೈವರ್ ಎಲ್ಲರನ್ನೂ ನಗಿಸಿದ. ರೇಡಿಯೋ ಮಾತ್ರ ನಾಲ್ಕು ತರಗತಿ ಕಳೆದರೂ ಬೆವರೊರೆಸಿಕೊಂಡದ್ದೇ ಬಂತು.

ಐದನೆಯ ಸಂಜೆ ಡ್ರೈವರನ ಬಲಗಿವಿಯ ಮೇಲಿನ ಕೂದಲು ಸೊಟ್ಟಗಿರುವುದು ಕಣ್ಣಿಗೆ ಬಿತ್ತು. ಕೈ ಕೇಳಬೇಕಲ್ಲ! ಎದ್ದು ಹೋಗಿ ಕುರ್ಚಿಯ ಹಿಂದೆ ನಿಂತು, ಆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದ. ಎದುರಿನ ಕಿಟಕಿಯ ಗಾಜಿನಲ್ಲಿ ಇಬ್ಬರ ಮುಖವೂ ಕಂಡಿತು. “ಈ ಅನ್ಯಾಯ ಮಾಡಿದವರು ಯಾರು? ಮನೆಯಲ್ಲಿ ಮಕ್ಕಳು ಚೆನ್ನಾಗಿದ್ದಾರಾ?” ತಪ್ಪೋ ಒಪ್ಪೋ, ಇಂಗ್ಲಿಷು ಕಟ್ಟೆಯೊಡೆದು ಹರಿಯಿತು. ಡ್ರೈವರನಿಗೆ ಉತ್ತರ ಹೇಳಲೂ ಪುರಸೊತ್ತು ಸಿಗಲಿಲ್ಲ.

ಟೀಚರ್ ನಕ್ಕುಬಿಟ್ಟರು. “ನಿಮಗೆ ಎದುರಿಗೆ ಕೂತು ಮಾತಾಡೋ ಅಭ್ಯಾಸಾನೇ ಇಲ್ಲ, ಅಲ್ವಾ?”

ಹೌದಲ್ಲ! ಮೂವತ್ತು ವರ್ಷ ಅವನು ಜನರ ಬೆನ್ನಿಗೆ ನಿಂತು, ಕನ್ನಡಿಯಲ್ಲಿ ಮುಖ ನೋಡುತ್ತ ಹರಟಿದವನು.

ಭಾನುವಾರ ಬೆಳಿಗ್ಗೆ ಬೀರುವಿನ ಕನ್ನಡಿಯೆದುರು ಕುರ್ಚಿ ಹಾಕಿದ, ಒಗೆದ ಬಿಳಿ ಬಟ್ಟೆ ಕೊಡವಿದ. ಸೊಸೆಯ ಕಡೆ ನೋಡದೆ, ಬೀರುವಿಗೇ ಹೇಳುವವನಂತೆ ಇಂಗ್ಲಿಷಿನಲ್ಲಿ ಕೇಳಿದ: “ಮುಂಗೂದಲು ಕಣ್ಣಿಗೆ ಬೀಳ್ತಿದೆ ಮಗಳೇ, ಸರಿಮಾಡಲಾ?”

ಅವಳು ಗಂಡನ ಮುಖ ನೋಡಿ, ಬಂದು ಕೂತಳು. ಕತ್ತರಿ ಎರಡು ಸಲ ಆಡಿತು. ಆಮೇಲೆ ಅವನು ಕನ್ನಡಿಗೆ ಹೇಳಿದ: “ನೀನು ಬಂದ ದಿನದಿಂದ ಈ ಮನೆ ನನಗೆ ಇನ್ನೂ ಇಷ್ಟ. ನನ್ನ ನಾಲಿಗೆಗೇ ಹೆದರಿಕೆ.”

ಕನ್ನಡಿಯಲ್ಲಿ ಅವಳ ಕಣ್ಣು ತುಂಬಿತು, ಹಿಂದೆಯೇ ನಗು ಬಂತು. ಬಾಯಿ ಬಿಟ್ಟಳು ನೋಡಿ, ಮುಚ್ಚಲೇ ಇಲ್ಲ! ತನ್ನ ಅಮ್ಮ, ಓದಿದ ಶಾಲೆ, ಗಂಡನ ಗೊರಕೆ, ಯಾವುದೂ ಬಾಕಿ ಉಳಿಯಲಿಲ್ಲ. ಮನೆಯಲ್ಲಿದ್ದದ್ದು ಎರಡು ರೇಡಿಯೋ ಎಂದು ಆಗ ಗೊತ್ತಾಯಿತು. ಮುಂಗೂದಲು ಅರ್ಧಕ್ಕೇ ನಿಂತಿತು.

ಅಡುಗೆಮನೆಯ ಬಾಗಿಲಿಗೆ ಬಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ, “ಅದೇನು ಅಷ್ಟೊತ್ತಿಂದ?” ಎಂದಳು. ಇಬ್ಬರಿಗೂ ಕೇಳಿಸಲಿಲ್ಲ.

ಸೋಮವಾರ ಸಂಜೆ ಅವನು ತರಗತಿಗೆಂದು ಪುಸ್ತಕದ ಚೀಲ ಹೆಗಲಿಗೇರಿಸುವಾಗ ಹೆಂಡತಿ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಿದ್ದಳು.

“ನಡೀರಿ, ನಾನೂ ಬರ್ತೀನಿ. ಮಾವ ಸೊಸೆ ಸೇರ್ಕೊಂಡು ನನ್ನ ಬಗ್ಗೆ ಏನು ಹೇಳ್ತೀರಿ ಅಂತ ನನಗೂ ತಿಳೀಬೇಕು.”