ನಾಯಿ ಮೇಷ್ಟ್ರು ಹಿಂತೆಗೆದುಕೊಂಡ ಪಾಠ

ನನ್ನ ಸೋದರಮಾವನನ್ನು ಬೀದಿಯ ಜನ ನಾಯಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಒಂದು ದೊಡ್ಡ ಬಟ್ಟೆ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಕಾವಲು ನಾಯಿಗಳನ್ನು ನೋಡಿಕೊಂಡಿದ್ದ. ರಜೆ ಬಂದರೆ ಊರವರ ನಾಯಿಗಳನ್ನು ಪಳಗಿಸಿಕೊಡುತ್ತಿದ್ದ. ಹೊರಗಿನವರು ಅವನಿಗೆ ಬಹುವಚನ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ. ಏಕವಚನದಲ್ಲೇ ಪ್ರೀತಿಸಿದ್ದೇವೆ, ಏಕವಚನದಲ್ಲೇ ಜಗಳವಾಡಿದ್ದೇವೆ.

ಮಾವ ಗಿಡ್ಡ ಆಳು, ದಪ್ಪ ಕುತ್ತಿಗೆ. ಮನೆಯೊಳಗೆ ಮಾತಾಡಿದರೆ ಬೀದಿಯ ತುದಿಗೆ ಕೇಳುತ್ತಿತ್ತು. ಅವನಿಗೆ ಒಂದೇ ಒಂದು ಜಂಬವಿತ್ತು: "ನನ್ನ ಕೈಯಲ್ಲಿ ಕಲಿತ ನಾಯಿ ಗುರ್ ಅನ್ನಲ್ಲ." ನಾಯಿ ಗುರ್ ಎಂದ ಕೂಡಲೇ ಕುತ್ತಿಗೆಯ ಸರಪಳಿಯನ್ನು ಒಂದು ಸಲ ಜಗ್ಗಿ, ಹಲ್ಲಿನ ಸಂದಿಯಿಂದ "ಶ್!" ಎನ್ನುತ್ತಿದ್ದ. ಎರಡು ಮೂರು ವಾರ ಹೀಗೆ ಮಾಡಿದರೆ ಎಂಥ ನಾಯಿಯೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಯಾರಾದರೂ ಇದು ಸರಿಯೇ ಎಂದು ಕೇಳಿದರೆ ದಂಡಂ ದಶಗುಣಂ ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಹಾಗೆಂದು ಅವನು ಕಟುಕನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಒಂದು ನಾಯಿಯನ್ನೂ ಉಪವಾಸ ಕೆಡವಲಿಲ್ಲ, ಒಂದಕ್ಕೂ ಕಾಲಲ್ಲಿ ಒದೆಯಲಿಲ್ಲ. ಕಾಯಿಲೆ ಬಿದ್ದವುಗಳ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದ. ನಾಯಿಗಳೆಂದರೆ ಅವನಿಗೆ ಪ್ರಾಣ. ಜಗ್ಗುವುದೂ ಪ್ರೀತಿಯ ಒಂದು ಭಾಗವೇ ಎಂದು ಅವನು ನಂಬಿದ್ದ. ಅವನಿಗೆ ಕೆಲಸ ಕಲಿಸಿದವರೂ ಹಾಗೇ ನಂಬಿದ್ದರು.

ನಮ್ಮ ಮಸಿಗೆ ಪಾಠ ಹೇಳಿದ್ದೂ ಅವನೇ. ಎರಡು ತಿಂಗಳ ಮರಿಯಾಗಿ ಬಂದಾಗ ಅವಳು ಮೂಗಿನಿಂದ ಬಾಲದವರೆಗೆ ಕಪ್ಪು, ಅದಕ್ಕೇ ಅಮ್ಮ ಆ ಹೆಸರಿಟ್ಟಳು. ನಾಲ್ಕು ತಿಂಗಳಾದಾಗ ಮೂಳೆ ಕಡಿಯುತ್ತಾ ನನ್ನನ್ನು ನೋಡಿ ಒಮ್ಮೆ ಗುರ್ ಎಂದಿದ್ದಳು. ಮಾವ ನಾಲ್ಕು ದಿನ ಬಂದು ಹೋದ, ಅಲ್ಲಿಗೆ ಮುಗಿಯಿತು. ಆಮೇಲೆ ಐದು ವರ್ಷ ಮಸಿಯ ಗಂಟಲಿನಿಂದ ಅಂಥ ಸದ್ದು ಬರಲಿಲ್ಲ. ಮನೆಗೆ ಬಂದವರಿಗೆಲ್ಲ ಅಮ್ಮ ಬಂಗಾರದಂಥ ನಾಯಿ ಎಂದು ಹೇಳುತ್ತಿದ್ದಳು.

ನಾನು ಆಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗಾಜು ಅರೆಯುವುದು, ಚೌಕಟ್ಟಿಗೆ ಕೂರಿಸುವುದು, ಸಾಸಿವೆಕಾಳಿನಷ್ಟು ಸ್ಕ್ರೂ ತಿರುಗಿಸುವುದು. ಒಂದು ಭಾನುವಾರ ಮಧ್ಯಾಹ್ನ ಮಸಿ ಅಡುಗೆಮನೆಯ ಮೇಜಿನ ಕೆಳಗೆ ಮಲಗಿದ್ದಳು. ನಾನು ಬಗ್ಗಿ, ಎಂದಿನಂತೆ ಅವಳ ಕಿವಿಯ ಹಿಂದೆ ಕೆರೆದೆ. ಸದ್ದಿಲ್ಲ, ಸುಳಿವಿಲ್ಲ. ಬಲಗೈ ಹೆಬ್ಬೆರಳಿನ ಬುಡಕ್ಕೆ ಅವಳ ಹಲ್ಲು ಇಳಿದಿತ್ತು. ಕಚ್ಚಿದ ಮೇಲೆ ಅವಳೇ ಗೋಡೆಗೆ ಒತ್ತಿಕೊಂಡು ಗಡಗಡ ನಡುಗಿದಳು. ಗಾಯ ತೊಳೆಸಿಕೊಂಡು, ಚುಚ್ಚುಮದ್ದು ಹಾಕಿಸಿಕೊಂಡು, ಹೊಲಿಗೆಯನ್ನೂ ಹಾಕಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಅಮ್ಮ ತೀರ್ಮಾನ ಮಾಡಿಯಾಗಿತ್ತು.

"ನನ್ನ ಮಗಳ ಕೈಯಿಂದ ಮನೆ ನಡೀತಿದೆ. ಹೇಳ್ದೆ ಕೇಳ್ದೆ ಕಚ್ಚೋ ನಾಯೀನ ಇಟ್ಕೊಳ್ಳೋಕೆ ಆಗಲ್ಲ," ಎಂದಳು ಅಮ್ಮ. "ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿಬಿಡೋಣ. ನೋವಾಗಲ್ವಂತೆ." ಹೇಳುವಾಗ ಅವಳು ಮಸಿಯ ನೀರಿನ ಬಟ್ಟಲನ್ನು ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಮಾರನೇ ದಿನ ಅಮ್ಮ, ಮಾವ, ನಾನು, ಮಸಿ, ನಾಲ್ವರೂ ಪಶುವೈದ್ಯರ ಬಳಿ ಹೋದೆವು. ಡಾಕ್ಟರು ಮೂವತ್ತು ದಾಟದ ಹೆಂಗಸು. ಮೆತ್ತಗೆ ಮಾತಾಡುವವರು. ಮಸಿಗೆ ಮತ್ತಿನ ಮದ್ದು ಕೊಟ್ಟು ಕಿವಿಯೊಳಗೆ ದೀಪ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಒಳಗೆ ಕಿವಿ ಕೊಳೆತಿತ್ತು. ಮೂರು ನಾಲ್ಕು ತಿಂಗಳಿನ ನೋವಿದು ಎಂದರು.

"ಮುಟ್ಟಿದಾಗ ಒಂದ್ಸಲನೂ ಗುರ್ ಅನ್ಲಿಲ್ವಾ?"

ಮಾವ ಅಭ್ಯಾಸಬಲದಿಂದ ಎದೆಯುಬ್ಬಿಸಿದ. "ಇಲ್ಲ ಡಾಕ್ಟ್ರಮ್ಮ. ಇವಳು ಗುರ್ ಅನ್ನೋಳೇ ಅಲ್ಲ. ನಾನೇ ಕಲಿಸಿದ್ದು."

ಅವರು ಬೈಯಲಿಲ್ಲ. ಬೈದಿದ್ದರೆ ಮಾವ ತಿರುಗಿ ಜಗಳವಾಡುತ್ತಿದ್ದ, ಎಲ್ಲ ಅಲ್ಲಿಗೇ ಕೆಡುತ್ತಿತ್ತು. ಕೈ ಒರೆಸಿಕೊಂಡು ಸ್ಟೂಲು ಎಳೆದುಕೊಂಡು ಅವನೆದುರು ಕೂತರು.

"ಯಜಮಾನ್ರೇ, ಗುರ್ ಅನ್ನೋದು ಜಗಳ ಅಲ್ಲ. ನಂಗೆ ಕಷ್ಟ ಆಗ್ತಿದೆ, ಸ್ವಲ್ಪ ದೂರ ಹೋಗಿ ಅಂತ ಅದು ಹೇಳೋ ರೀತಿ. ಹಂಗಂದಾಗೆಲ್ಲ ಕುತ್ತಿಗೆಗೆ ನೋವಾದ್ರೆ ನಾಯಿ ಹೇಳೋದನ್ನ ಬಿಡುತ್ತೆ. ಒಳಗಿನ ಕಷ್ಟ ಹಂಗೇ ಇರುತ್ತೆ. ಇವಳು ಇಷ್ಟು ತಿಂಗಳು ನೋವು ನುಂಗ್ಕೊಂಡು ಇದ್ಲು. ಕೊನೆಗೆ ಅವಳ ಹತ್ರ ಉಳಿದಿದ್ದು ಹಲ್ಲೊಂದೇ."

ಅಮ್ಮ ಗೊಣಗಿದಳು: "ಬೊಗಳೋ ನಾಯಿ ಕಚ್ಚಲ್ಲ ಅಂತ ಹೇಳ್ಕೊಟ್ರು. ಬೊಗಳದೇ ಇರೋದು ಏನು ಮಾಡುತ್ತೆ ಅಂತ ಯಾರೂ ಹೇಳ್ಲಿಲ್ಲ."

ಆ ದಿನ ಅಮ್ಮ ಹೇಳಿದ ಇಂಜೆಕ್ಷನ್ ಕೊಡಲಿಲ್ಲ. ಡಾಕ್ಟರು ಆರು ವಾರ ಕೇಳಿದರು. ಮೊದಲು ಕಿವಿ ವಾಸಿಯಾಗಬೇಕು. ಆಮೇಲೆ ಮಸಿ ಮತ್ತೆ ಹೇಳುವುದನ್ನು ಕಲಿಯಬೇಕು. "ಮುಂಚೆ ಹೇಳೋ ನಾಯಿ ಜೊತೆ ಜನ ಬದುಕಬಹುದು. ಹೇಳದೇ ಕಚ್ಚೋದನ್ನ ಮನೇಲಿಟ್ಕೊಳ್ಳಿ ಅಂತ ನಿಮಗೆ ಹೇಳೋ ಧೈರ್ಯ ನಂಗಿಲ್ಲ," ಎಂದರು. ಅಮ್ಮ ಒಪ್ಪಿದಳು. ಆರು ವಾರದ ಮೇಲೆ ಒಂದು ದಿನವೂ ಇಲ್ಲ ಎಂದಳು.

ನಮ್ಮ ವಂಶದಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ, ನನಗಂತೂ ಒಂದು ಗುಲಗಂಜಿ ಜಾಸ್ತಿ. ಆಸ್ಪತ್ರೆಯ ಮೆಟ್ಟಿಲಲ್ಲೇ ಮಾವನಿಗೆ ಹೇಳಿದೆ: "ನನ್ನ ಕೈ ಕಚ್ಚಿದ್ದು ಮಸಿಯಲ್ಲ ಮಾವ. ನೀನು." ಅವನು ಮತ್ತಿನಲ್ಲಿದ್ದ ಮಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ನಡೆದ. ಆ ಮಾತು ನಿಜ. ಆದರೂ ಹಾಗೆ ಹೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮಾವ ತನ್ನ ಚಾಪೆ, ತಲೆದಿಂಬು ತಂದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟ. ಮಸಿ ದಾಟದಂತೆ ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಹಲಗೆ ಜಡಿದ. ಜನರ ನಡುವೆ ಬರುವಾಗ, ಕಚ್ಚದಂತೆ, ಮಸಿಯ ಮೂತಿಗೆ ಬುಟ್ಟಿಯಂಥ ಬಾಯಿಕುಕ್ಕೆ. ಅದನ್ನೂ ಬಲವಂತವಾಗಿ ತೊಡಿಸುವಂತಿಲ್ಲ. ಒಳಗೆ ಬೇಯಿಸಿದ ಕೋಳಿಯ ಚೂರು ಇಟ್ಟು, ಅವಳೇ ಮೂತಿ ತೂರಿಸುವವರೆಗೆ ಕಾಯಬೇಕು. ಅದಕ್ಕೇ ಒಂಬತ್ತು ದಿನ ಹಿಡಿಯಿತು. ಮಾವ ತನ್ನ ಜೀವನದಲ್ಲಿ ಒಂಬತ್ತು ನಿಮಿಷ ಯಾರಿಗೂ ಕಾದವನಲ್ಲ.

ಇನ್ನೊಂದು ಪಾಠ ಟವೆಲಿನದು. ಮೊದಲ ತಿಂಗಳಿಗೆ ಆಗುವ ಮದ್ದನ್ನು ಡಾಕ್ಟರೇ ಕಿವಿಗೆ ತುಂಬಿದ್ದರು, ಮುಂದಿನದನ್ನು ನಾವು ಹಾಕಬೇಕು. ನೆಲದ ಮೇಲೆ ಮಡಿಸಿದ ಟವೆಲ್. ಮಸಿ ಅದರ ಮೇಲೆ ಗದ್ದವಿಟ್ಟರೆ ಕೈ ಕಿವಿಯತ್ತ ಹೋಗಬಹುದು, ಗದ್ದ ಎತ್ತಿದರೆ ಕೈ ಹಿಂದಕ್ಕೆ. ಇಟ್ಟಾಗಲೆಲ್ಲ ಒಂದು ಚೂರು ಕೋಳಿ, ಬಟಾಣಿಯಷ್ಟು. ನನ್ನ ಕೈಗೆ ಪಟ್ಟಿ ಸುತ್ತಿತ್ತು, ಅಂಗಡಿಗೆ ರಜೆ. ಹಲಗೆಯ ಈಚೆ ಕೂತು ಮಾವನನ್ನು ಗೋಳುಹೊಯ್ದುಕೊಳ್ಳುವುದೇ ಕೆಲಸ.

"ಅಂದ್ರೆ, ಮದ್ದು ಹಾಕೋಕೆ ನಾನು ನಾಯಿ ಹತ್ರ ಅಪ್ಪಣೆ ಕೇಳ್ಬೇಕಾ ಪುಟ್ಟಿ?"

"ಹೂಂ ಮಾವ."

"ಅವಳು ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

ಮಾವ ಟವೆಲಿನ ಮಡಿಕೆ ಸರಿಮಾಡಿದ. "ನಮ್ಮಪ್ಪ ನಂಗೆ ಹರಳೆಣ್ಣೆ ಕುಡಿಸೋವಾಗ ಒಂದು ಟವೆಲ್ ಹಾಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದ.

ಮೂರನೇ ವಾರದಲ್ಲಿ ಎಲ್ಲ ಕೆಡುವಂತಾಯಿತು. ಮಸಿ ಹಿತ್ತಿಲಲ್ಲಿ ಮೂಳೆ ಕಡಿಯುತ್ತಿದ್ದಳು. ಕಾಂಪೌಂಡಿನ ಮೇಲೆ ಬೆಕ್ಕೊಂದು ಬಂತು. ಮಸಿಯ ಬೆನ್ನು ಸೆಟೆಯಿತು, ತುಟಿ ಒಂದಿಷ್ಟು ಮೇಲೆದ್ದಿತು. ಅಷ್ಟರಲ್ಲಿ ಮಾವನ ಬಾಯಿಂದ ತನ್ನಷ್ಟಕ್ಕೆ ಬಂದುಬಿಟ್ಟಿತು: "ಶ್!" ಅವನ ಕೈಯೂ ಇಲ್ಲದ ಸರಪಳಿಯನ್ನು ಜಗ್ಗಿತು. ಮಸಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಚಪ್ಪಟೆಯಾದಳು. ಬಾಲ ಕಾಲ ಸಂದಿಗೆ ಹೋಯಿತು. ಕೆಳಗೆ ನೆಲ ಒದ್ದೆಯಾಯಿತು. ಆ ಸ್ಥಿತಿಯಲ್ಲೂ ಮಾವನ ಮುಖ ನೋಡುತ್ತಾ ತುಟಿ ನೆಕ್ಕಿಕೊಳ್ಳುತ್ತಿದ್ದಳು.

ಮಾವ ನಿಂತಲ್ಲೇ ನಿಂತ. "ಪುಟ್ಟಿ, ಇದನ್ನ ನಾನು ಮರ್ಯಾದೆ ಅಂದ್ಕೊಂಡಿದ್ದೆ," ಎಂದ.

ನೀರು ತಂದು ನೆಲವನ್ನು ತಾನೇ ತೊಳೆದ. ಊಟಕ್ಕೆ ಬರಲಿಲ್ಲ. ಅಮ್ಮ ತಟ್ಟೆ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು, ನಾನೂ ಹಿಂದೆಯೇ ಹೋದೆ. ಚಾಪೆಯ ಮೇಲೆ ಕೂತಿದ್ದ ಮಾವ ತಲೆ ಎತ್ತದೆ "ಇಪ್ಪತ್ತೆರಡು ವರ್ಷ ಅಕ್ಕ," ಎಂದ. ನಮ್ಮಮ್ಮ ಸಮಾಧಾನ ಹೇಳುವುದರಲ್ಲಿ ಬಲು ಜಿಪುಣಿ. ತಟ್ಟೆಯನ್ನು ಬದಿಗಿಟ್ಟು ಅವನ ಪಕ್ಕದಲ್ಲಿ ಕೂತಳು. ಚಿಕ್ಕಂದಿನಲ್ಲಿ ಹೀಗೇ ಕೂರುತ್ತಿದ್ದರೇನೋ. ಅನ್ನ ಆರಿ ತಣ್ಣಗಾಗುವವರೆಗೂ ಇಬ್ಬರೂ ಅಲ್ಲೇ ಇದ್ದರು.

ಮಾರನೇ ದಿನದಿಂದ ಮತ್ತೆ ಮೊದಲಿನಿಂದ ಶುರು. ಮಾವನ ಗಂಟಲು ತಗ್ಗಿತು. ನೇರ ಎದುರು ನಿಲ್ಲದೆ ಪಕ್ಕಕ್ಕೆ ತಿರುಗಿ ಕೂರುವುದನ್ನು ಕಲಿತ. ಮಸಿ ಮುಖ ತಿರುಗಿಸಿದರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ ಎದ್ದು ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದ. ಐದನೇ ವಾರ ಅವಳೇ ಹಿಂದಿನ ಕೋಣೆಗೆ ಹೋಗಿ ಅವನ ಚಾಪೆಯ ಅಂಚಿನಲ್ಲಿ ಮಲಗಿದಳು. ಮಾವ ಕಾಲು ಜೋಮು ಹಿಡಿದರೂ ಅಲುಗಲಿಲ್ಲ. ಕಿವಿ ವಾಸಿಯಾಗುತ್ತಾ ಬಂತು. ಟವೆಲ್ ಹಾಸಿದರೆ ಓಡಿಬಂದು ಗದ್ದವಿಡುತ್ತಿದ್ದಳು.

ಆದರೆ ಗುರ್ ಎನ್ನಲಿಲ್ಲ.

"ಇಷ್ಟು ಸಾಧು ಆಗಿದಾಳೆ, ಸಾಲ್ದಾ?" ಎಂದಳು ಅಮ್ಮ. ಅವಳಿಗೂ ಒಳಗೊಳಗೇ ಆಸೆ ಶುರುವಾಗಿತ್ತು.

"ಸಾಲ್ದು ಅಕ್ಕ. ಸಾಧುವಾಗೇ ಇದ್ಲು, ಆವಾಗ್ಲೂ."

ಆರನೇ ವಾರ ಮುಗಿದ ದಿನ ಡಾಕ್ಟರು ಮನೆಗೇ ಬಂದರು. ಮಸಿಗೆ ಬಾಯಿಕುಕ್ಕೆ ಹಾಕಿತ್ತು. ಜಗಲಿಯಲ್ಲಿ ಟವೆಲ್ ಹಾಸಿತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ನಾಯಿ ಸುಮ್ಮನಿರಲಿ ಎಂದು ಬೇಡಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಗುರ್ ಎಂದರೇ ಒಳ್ಳೆಯದು ಎಂದು ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹತ್ತಿರಲಿಲ್ಲ. ಡಾಕ್ಟರು ಪಕ್ಕಕ್ಕೆ ತಿರುಗಿ ಕೂತು ನಿಧಾನವಾಗಿ ಕೈ ಚಾಚಿದರು. ಮಸಿ ಗದ್ದವಿಟ್ಟಳು. ಕೈ ಕಿವಿಯ ಹತ್ತಿರ ಬಂದಾಗ ಗದ್ದ ಎತ್ತಿದಳು. ಹೊಸ ಕೈ, ಹೊಸ ವಾಸನೆ. ಡಾಕ್ಟರು ಕೈಯನ್ನು ಒಂದೇ ಒಂದು ಕ್ಷಣ ಅಲ್ಲೇ ಇಟ್ಟರು.

ಆಗ ಕೇಳಿಸಿತು. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಓಡಿದ ಹಾಗೆ, ಅಷ್ಟು ಸಣ್ಣಗೆ. ಗುರ್‌ರ್‌ರ್.

"ಅಯ್ಯೋ, ಮುಗೀತು," ಎಂದು ಅಮ್ಮ ಗೋಡೆಗೆ ಮುಖ ತಿರುಗಿಸಿದಳು.

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಮಸಿ ಆ ಕೈಯನ್ನು ನೋಡಿದಳು, ಆಮೇಲೆ ಮಾವನನ್ನು ನೋಡಿದಳು, ಮೈಯೆಲ್ಲ ಬಿಗಿಹಿಡಿದು. ಜಗ್ಗುವುದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಮಾವ ನೆಲದ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಗುವಿನ ಹಾಗೆ ಅಳುತ್ತಿದ್ದ.

"ಹೇಳಿದ್ಲು ಅಕ್ಕ. ಬೇಡ ಅಂತ ಹೇಳಿದ್ಲು."

ನನಗೂ ಕಣ್ಣು ತುಂಬಿತು, ಬಚ್ಚಿಡುವುದೇಕೆ. ಸ್ವಲ್ಪ ಹೊತ್ತಾದ ಮೇಲೆ ಮಸಿ ಒಮ್ಮೆ ಮೈ ಕೊಡವಿ, ಯಾರೂ ಕರೆಯದೆ, ಮತ್ತೆ ಟವೆಲಿನ ಮೇಲೆ ಗದ್ದವಿಟ್ಟಳು.

ಇವಳ ಜೊತೆ ಬದುಕಬಹುದು ಎಂದರು ಡಾಕ್ಟರು. ಎಚ್ಚರ ಬೇಕು, ಹಲಗೆ ಇರಲಿ, ಬಾಯಿಕುಕ್ಕೆ ಇರಲಿ, ಅವಳು ಹೇಳಿದಾಗ ಕೇಳಬೇಕು. ಎಲ್ಲರೂ ಅಮ್ಮನತ್ತ ನೋಡಿದೆವು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೈಯೋದು ತಾನೇ? ಬೈಲಿ ಬಿಡಿ. ಈ ಮನೇಲಿ ಬೈಯದೇ ಇರೋರು ಯಾರಿದಾರೆ," ಎಂದು ಕಾಫಿಗೆ ನೀರಿಡಲು ಹೋದಳು.

ಎರಡು ದಿನ ಬಿಟ್ಟು ಮಾವ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಏನೋ ಬರೆಯುತ್ತಾ ಕೂತಿದ್ದ. ತನ್ನ ಕೈಯಲ್ಲಿ ಕಲಿತು ಇನ್ನೂ ಬದುಕಿರುವ ನಾಯಿಗಳ ಮನೆಗಳು. ಹದಿನೇಳು ಇದ್ದವು.

"ಮನೆ ಮನೆಗೆ ಹೋಗಿ ನಾನು ತಪ್ಪು ಮಾಡ್ದೆ ಅಂತೀಯಾ?" ಎಂದೆ. "ನಗ್ತಾರೆ ಮಾವ. ಮೇಷ್ಟ್ರು ಅನ್ನೋ ಹೆಸರು ಮಣ್ಣುಪಾಲಾಗುತ್ತೆ."

"ಆಗ್ಲಿ. ಆ ಮನೆಗಳಲ್ಲಿ ಮಕ್ಕಳಿದಾರೆ ಪುಟ್ಟಿ. ನೀನೂ ಬಾ, ನಿನ್ನ ಕೈ ತೋರಿಸ್ಬೇಕು." ಕೈ ಬರೀ ನೆಪ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಮೊದಲ ಮನೆ ಔಷಧಿ ಅಂಗಡಿಯವರದು. ಗೇಟು ತೆರೆಯುವ ಮೊದಲು ಮಾವ ಮೂರು ಸಲ ಅಂಗಿಯ ಕಾಲರು ಸರಿಮಾಡಿಕೊಂಡ. ಒಳಗೆ ಜಗಲಿಯಲ್ಲಿ ಕಂದು ಬಣ್ಣದ ದೊಡ್ಡ ನಾಯಿ ಮಲಗಿತ್ತು. ಅವರ ಮೊಮ್ಮಗಳು, ಎರಡು ವರ್ಷದ್ದಿರಬೇಕು, ಅದರ ಹೊಟ್ಟೆಗೆ ಒರಗಿಕೊಂಡು ತುಟಿಯನ್ನು ಹಿಡಿದು ಎಳೆಯುತ್ತಿತ್ತು. ನಾಯಿ ಮುಖ ಆಚೆ ತಿರುಗಿಸಿತು. ತುಟಿ ನೆಕ್ಕಿಕೊಂಡಿತು. ಕಣ್ಣಿನ ಬಿಳಿ ನಮ್ಮಿಬ್ಬರಿಗೂ ಕಂಡಿತು.

ಅಂಗಡಿಯವರು ಸಂಭ್ರಮದಿಂದ ಎದ್ದು ಬಂದರು. "ಬನ್ನಿ ಬನ್ನಿ ಮೇಷ್ಟ್ರೇ. ನೋಡಿ, ನಮ್ಮ ಮಗು ಏನು ಮಾಡಿದ್ರೂ ಒಂದು ಸದ್ದು ಮಾಡಲ್ಲ. ಎಲ್ಲ ನಿಮ್ಮ ಕೈಗುಣ."

"ಮೊದ್ಲು ಮಗೂನ ಎತ್ಕೊಳ್ಳಿ, ನಿಧಾನಕ್ಕೆ," ಎಂದ ಮಾವ, ಗಂಟಲು ತಗ್ಗಿಸಿ. "ಆಮೇಲೆ ಹೇಳ್ತೀನಿ, ನಾನು ಏನು ತಪ್ಪು ಕಲಿಸಿದೀನಿ ಅಂತ."

ಅವರು ಅರ್ಥವಾಗದೆ ನಗುತ್ತಲೇ ಮಗುವನ್ನು ಎತ್ತಿಕೊಂಡರು. ಮಾವ ಚಪ್ಪಲಿ ಬಿಟ್ಟು, ನಾಯಿಯಿಂದ ಎರಡು ಮಾರು ದೂರದಲ್ಲಿ, ಪಕ್ಕಕ್ಕೆ ತಿರುಗಿ ಕೂತ.