ಅತ್ತೆಯ ಜಪಸರ ಮತ್ತು ಎಂಟನೇ ನಂಬರಿನ ರಾಡು

ಇವತ್ತು ಮಧ್ಯಾಹ್ನ ಕೆರೆಯಿಂದ ಬಂದು ಗಾಳದ ರಾಡಿನ ಚೀಲವನ್ನು ಬಾಲ್ಕನಿಯಲ್ಲಿ ಝಾಡಿಸಿದೆ. ನಾಲ್ಕು ಚುರುಮುರಿ ಕಾಳು ಉದುರಿದವು. ಮೆತ್ತಗಾಗಿದ್ದವು, ಆದರೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಕೆರೆಯ ನೀರು, ರಾಡಿನ ಹಿಡಿಕೆಯ ಬೆಂಡು, ಸ್ವಲ್ಪ ವಿಭೂತಿ, ಎಲ್ಲದರ ವಾಸನೆಯೂ ಅದರಲ್ಲಿತ್ತು. ಒಳಗಿನಿಂದ ಅತ್ತೆ ಕೂಗಿದರು, "ಬಂತೇನವಾ?" ಮೀನು ಬಂತೇ ಎಂದು ಕೇಳುತ್ತಿದ್ದಾರೆ. ನಾನು ಕೇಳಿಸದವಳ ಹಾಗೆ ಚೀಲವನ್ನು ಇನ್ನೂ ಜೋರಾಗಿ ಝಾಡಿಸಿದೆ. ಉತ್ತರ ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕಿತ್ತು. ಅದು ಬರುವ ತನಕ ನಿಮಗೆ ಈ ರಾಡಿನ ಕಥೆ ಹೇಳಿಬಿಡುತ್ತೇನೆ, ಕೂತುಕೊಳ್ಳಿ.

ನಮ್ಮದು ಉಳ್ಳಾಗಡ್ಡಿ ಬಳ್ಳೊಳ್ಳಿಯ ಮಟ್ಟಿಗೆ ಮಾತ್ರ ಧಾರಾಳವಾದ ಮನೆ. ವಿಜಯಪುರದ ಕಡೆಯ ಲಿಂಗಾಯತರು. ತೆಲುಗು ನಾಡಿನ ಈ ಲಿಂಗಂಪಲ್ಲಿಗೆ ಬಂದು ಎಷ್ಟೋ ವರ್ಷವಾದರೂ, ಯಾರಾದರೂ ಕೇಕು ಕೊಟ್ಟರೆ ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮೊಟ್ಟೆಯ ವಿಚಾರಣೆ ಮಾಡುವವರು. ಅಂಥ ಮನೆಯ ಸೊಸೆ ಮೀನು ಹಿಡಿಯಲು ಹೋಗುತ್ತಾಳೆ ಎಂದರೆ ಏನಾಗಬೇಡ! ನಗಬೇಡಿ, ಮೊದಲ ಆರು ತಿಂಗಳು ನಾನು ರಾಡನ್ನು ಪರದೆಯ ಕೋಲು ಎಂದು ಹೇಳಿ ಕಪಾಟಿನ ಹಿಂದೆ ಇಟ್ಟಿದ್ದೆ. ಮನೆಯಲ್ಲಿ ಪರದೆಗಳು ಮಾತ್ರ ಹಗ್ಗದ ಮೇಲೇ ನೇತಾಡುತ್ತಿದ್ದವು.

ಈ ಹುಚ್ಚು ಹತ್ತಿಸಿದವಳು ಆಫೀಸಿನಲ್ಲಿ ಪಕ್ಕದ ಟೇಬಲಿನಲ್ಲಿದ್ದ ಮಂಗಳೂರಿನ ಗೆಳತಿ. ಅವಳ ಊರಿನಲ್ಲಿ ಮೀನು ಹಿಡಿಯುವುದು ಸಾರು ಮಾಡಲು. ನಾನು ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುತ್ತೇನೆ ಎಂದಾಗ ಅವಳು ಎರಡೂ ಕಿವಿ ಮುಚ್ಚಿಕೊಂಡು, "ನಮ್ಮಮ್ಮನ ಹತ್ರ ಮಾತ್ರ ಇದನ್ನ ಹೇಳ್ಬೇಡ ಮಾರಾಯ್ತಿ" ಎಂದಿದ್ದಳು. ಊರು ಬಿಟ್ಟು ಹೋಗುವಾಗ ತನ್ನ ಐದನೇ ನಂಬರಿನ ಫ್ಲೈ ರಾಡನ್ನು ನನಗೇ ಕೊಟ್ಟು ಹೋದಳು. ಗೊತ್ತಿಲ್ಲದವರಿಗೆ ಎರಡು ಮಾತು: ಸಾಮಾನ್ಯ ಗಾಳಕ್ಕೆ ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ. ಫ್ಲೈ ರಾಡಿನಲ್ಲಿ ತೂಕವೆಲ್ಲ ದಾರದಲ್ಲೇ ಇರುತ್ತದೆ; ಕೊಕ್ಕೆಗೆ ಕಟ್ಟಿದ ಹುಸಿ ಹುಳಕ್ಕೆ ಭಾರವೇ ಇಲ್ಲ. ಆ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ, ಚಾಪೆ ಹಾಸಿದ ಹಾಗೆ ನೀರಿನ ಮೇಲೆ ಹಾಸಬೇಕು. ನಂಬರು ಹೆಚ್ಚಿದಷ್ಟೂ ದಾರ ಭಾರ, ರಾಡು ಗಟ್ಟಿ. ಐದನೇ ನಂಬರು ಅಂಗೈ ಉದ್ದದ ಮೀನಿಗೆ. ನಮ್ಮ ಕೆರೆಯ ಗೆಂಡೆ ಮೀನುಗಳೋ, ಮಡಿಲಲ್ಲಿ ಮಲಗಿಸಿಕೊಳ್ಳುವ ಅಳತೆಯವು.

ಅವು ಹಾಗೆ ಬೆಳೆದದ್ದಕ್ಕೆ ಕಾರಣ ಭಕ್ತಿ. ಕೆರೆಯ ದಂಡೆಯಲ್ಲೊಂದು ಪುಟ್ಟ ಗುಡಿ, ಅದರ ಮೆಟ್ಟಿಲು ನೀರಿಗಿಳಿಯುತ್ತದೆ. ಬಂದವರೆಲ್ಲ ಪುಣ್ಯ ಬರಲಿ ಎಂದು ಮೀನಿಗೆ ಚುರುಮುರಿ ಎಸೆಯುತ್ತಾರೆ. ತಿಂದು ತಿಂದು ಗೆಂಡೆಗಳು ಮದುವೆ ಮನೆಯ ಬೀಗರಂತೆ ಗಂಭೀರವಾಗಿ ಓಡಾಡುತ್ತವೆ. ನಾನೂ ಹುಳದ ಗೊಡವೆ ಬಿಟ್ಟು, ಮಿಕ್ಸಿಯ ಡಬ್ಬಿಯಲ್ಲಿ ಬಂದ ಥರ್ಮಾಕೋಲಿನ ಚೂರನ್ನು ಕೊಕ್ಕೆಗೆ ಕಟ್ಟಿ ಚುರುಮುರಿಯ ವೇಷ ಹಾಕಿಸಿದೆ.

ಒಂದು ದಿನ ಅತ್ತೆಯ ಕೈಗೆ ಪರದೆಯ ಕೋಲು ಸಿಕ್ಕಿತು, ಅದರ ತುದಿಯಲ್ಲಿ ಕೊಕ್ಕೆಯೂ ಸಿಕ್ಕಿತು. ನಾನು ಎಲ್ಲ ಒಪ್ಪಿಕೊಂಡೆ. ಸನತ್‌ನಗರದ ಕಾರ್ಖಾನೆಗೆ ಹೊರಟಿದ್ದ ನನ್ನ ಯಜಮಾನರು, "ನನ್ನ ನಡುವ ತರಬ್ಯಾಡ್ರಿ, ಲೋಕಲ್ ಟ್ರೇನ್ ಹೊಕ್ಕೈತಿ" ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿಯೇ ಬಿಟ್ಟರು. ಅತ್ತೆ ಮಾತ್ರ ಸಾವಕಾಶ ಕುಳಿತು ವಿಚಾರಿಸಿದರು.

"ಹಿಡದು ಬಿಡೂದಿದ್ರ ಹಿಡಿಯೂದ್ಯಾಕವಾ? ಅದಕ್ಕೂ ಕೆಲಸಿಲ್ಲ, ನಿನಗೂ ಕೆಲಸಿಲ್ಲೇನು?"

"ಒಂದೂ ಸಾಯೂದಿಲ್ರಿ ಅತ್ತಿ. ಕೊಕ್ಕಿ ಮುಳ್ಳು ಸುದ್ದಾ ಅರದ ತಗದೀನಿ. ಎಲ್ಲಾ ಜೀವಂತ ಹೊಳ್ಳಿ ಹೊಕ್ಕಾವ. ಆಣಿ ಮಾಡ್ತೀನಿ."

"ಆಣಿ ಬ್ಯಾಡ. ನಾನ ಬಂದು ನೋಡ್ತೀನಿ."

ಹಾಗೆ ನೀಲಮ್ಮ ಎಂಬ ನನ್ನ ಅತ್ತೆ, ಎಪ್ಪತ್ತರ ಹತ್ತಿರದ ಹೆಂಗಸು, ಪ್ರತಿ ಐತವಾರ ಆಟೋದಲ್ಲಿ ನನ್ನ ಜೊತೆ ಕೆರೆಗೆ ಬರತೊಡಗಿದರು. ಮೆಟ್ಟಿಲ ಮೇಲೆ ಮಣೆ ಹಾಕಿ, ಕೊರಳಿನ ರುದ್ರಾಕ್ಷಿ ಸರ ತೆಗೆದು ಜಪ ಮಾಡುತ್ತಾ ಕೂಡುವರು. ಚೀಲದಲ್ಲಿ ಅರ್ಧ ಸೇರು ಚುರುಮುರಿ. ನಾನು ಬಿಟ್ಟ ಪ್ರತಿ ಮೀನಿನ ಹಿಂದೆ ಒಂದು ಹಿಡಿ ಎಸೆಯುವರು. "ಥರ್ಮಾಕೋಲ್ ತಿನಿಸಿ ಮೋಸ ಮಾಡೀವಿ, ಖರೇ ಚುರಮರಿ ಕೊಡೂದ ಬ್ಯಾಡೇನು?" ಎಂದು ಅವರ ವಾದ. ಈ ನ್ಯಾಯ ನನಗೂ ಒಪ್ಪಿಗೆಯಾಗಿತ್ತು, ನಡೆಯುತ್ತಿತ್ತು.

ಒಂದು ಐತವಾರ ನಿಜವಾದ ದೊಡ್ಡ ಗೆಂಡೆ ಬಿತ್ತು. ಏನು ಹೇಳಲಿ ನಿಮಗೆ! ಐದನೇ ನಂಬರಿನ ರಾಡು ಹಿಡಿಕೆಯ ತನಕ ಬಾಗಿತು. ನಾನು ಎಳೆದರೆ ಅದು ಹೋಗುತ್ತದೆ, ನಾನು ನಿಂತರೆ ಅದು ನಿಲ್ಲುತ್ತದೆ. ಮುಕ್ಕಾಲು ತಾಸು. ಗುಡಿಗೆ ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಕೊನೆಗೆ ದಂಡೆಗೆ ಬಂತು. ಕೊಕ್ಕೆ ಬಿಡಿಸಿ ನೀರಿನಲ್ಲಿ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದೆ. ಮಗುಚಿತು. ಮತ್ತೆ ನೆಟ್ಟಗೆ ಹಿಡಿದೆ, ಮತ್ತೆ ಮಗುಚಿತು. ಕಿವಿರು ಒಂದೆರಡು ಸಲ ತೆರೆದು ನಿಂತೇ ಹೋಯಿತು. ಕೆರೆಯ ಮೀನುಗಾರ ಮಲ್ಲಯ್ಯ ಬಗ್ಗಿ ನೋಡಿ, "ಸಚ್ಚಿಪೋಯಿಂದಮ್ಮಾ" ಎಂದು ಮೆಲ್ಲಗೆ ಹೇಳಿದ. ಅದು ಸತ್ತಿದೆ ಎಂದು ನನ್ನ ಕೈಗೆ ಆಗಲೇ ಗೊತ್ತಾಗಿತ್ತು. ಮಲ್ಲಯ್ಯನೇ ಅದನ್ನು ಮನೆಗೆ ಒಯ್ದ.

ಮನೆಯ ಮೆಟ್ಟಿಲು ಹತ್ತುವಾಗ ಅತ್ತೆ ನಿಂತು ಕೇಳಿದರು: "ಮಲ್ಲಯ್ಯ ಹೊಟ್ಟಿಗಂತ ಹಿಡೀತಾನ. ನೀ ಯಾತಕ್ಕ ಹಿಡದಿ?" ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾಚಿಕೆಯಾಗಿತ್ತು, ಕೊಟ್ಟ ಮಾತು ಹೋಗಿತ್ತು, ಮತ್ತೆ ಕೆರೆಗೆ ಹೋಗುವುದು ಮುಗಿದೇ ಹೋಯಿತು ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ಹೌದು, ಅಷ್ಟು ಸ್ವಾರ್ಥಿ ನಾನು.

ಎರಡು ಐತವಾರ ಮನೆಯಲ್ಲೇ ಕಳೆದೆ. ಮೂರನೆಯದರ ಮುಂಜಾನೆ ಅತ್ತೆಯೇ ಮಾತು ತೆಗೆದರು. "ಆ ಕೋಲಿಗೆ ಶಕ್ತಿ ಇಲ್ಲ. ಅದಕ್ಕ ಅಷ್ಟ ಹೊತ್ತ ಜಗ್ಗ್ಯಾಡಿದಿ. ಉಸರ ಕಟ್ಟಿ ಓಡಿಸಿ ಓಡಿಸಿ ಕೊಂದಂಗಾತು. ಗಟ್ಟಿ ಕೋಲ ಇರ್ತೈತೇನು?"

ಇರುತ್ತದೆ ಎಂದೆ.

"ಹಂಗಾರ ಕೇಳು. ನಂದೊಂದು ಸರ. ನೂರಾ ಎಂಟು ಮಣಿ ಮುಗಿಯೂದ್ರಾಗ ದಂಡಿಗೆ ಬಂದ್ರ ಬಂತು. ಇಲ್ಲಂದ್ರ ಕೋಲ ಕೆಳಗಿಳಿಸಿ ದಾರ ಸಡಲ ಬಿಡು. ಮುಳ್ಳಿಲ್ಲದ ಕೊಕ್ಕಿ, ತಾನ ಜಾಡಿಸಿ ಹೋಕೈತಿ."

ಗಾಳ ಹಾಕುವವರು ರಾಡನ್ನು ತಮ್ಮ ಹೆಮ್ಮೆಯ ಅಳತೆಗೆ ಆರಿಸುತ್ತಾರೆ. ನಾನು ಒಂದು ರುದ್ರಾಕ್ಷಿ ಸರದ ಅಳತೆಗೆ ಆರಿಸಲು ಹೊರಟೆ, ಸರದ ಒಡತಿಯೂ ಜೊತೆಗೆ ಹೊರಟರು. ಸನತ್‌ನಗರದಲ್ಲಿ ಬೇರಿಂಗ್ ಅಂಗಡಿಗಳ ಸಾಲಿನ ಕೊನೆಗೆ ಗಾಳದ ಸಾಮಾನಿನ ಒಂದು ಅಂಗಡಿಯಿತ್ತು. ಬಿಳಿ ಗಡ್ಡದ ಮಾಲೀಕ ನನ್ನ ಕೈ ನೋಡಿ ಆರನೇ ನಂಬರು ತೆಗೆದ. "ಭಾರೀ ನಕ್ಕೋ ಅಮ್ಮಾ, ಹಾಥ್ ದುಖತಾ." ಭಾರದ್ದು ಬೇಡ, ಕೈ ನೋಯುತ್ತದೆ ಎಂದು. ಅತ್ತೆ ತಮ್ಮ ವಿಜಯಪುರದ ದಖನಿ ಉರ್ದುವಿನಲ್ಲೇ, "ಹಾಥ್ ಕೀ ಬಾತ್ ಛೋಡೋ ಭಾಯಿ, ಮಛಲೀ ಕಿತ್ತಿ ದೇರ್ ತಡಪತೀ, ವೋ ಬೋಲೋ" ಎಂದರು. ಕೈಯ ಮಾತು ಬಿಡು, ಮೀನು ಎಷ್ಟು ಹೊತ್ತು ಒದ್ದಾಡುತ್ತದೆ ಅದನ್ನು ಹೇಳು! ಅವನ ಅಂಗಡಿಯ ಆಯಸ್ಸಿನಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಎದ್ದು ನಿಂತು ಎಂಟು ಮತ್ತು ಹತ್ತನೇ ನಂಬರುಗಳನ್ನು ಇಳಿಸಿದ.

ಪರೀಕ್ಷೆ ಅತ್ತೆಯದೇ. ಬರುವಾಗ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟಿನ ಚೀಲ ಜೊತೆಯಲ್ಲಿತ್ತು, ಅದಕ್ಕೆ ದಾರ ಕಟ್ಟಿಸಿ ನೆಲದ ಮೇಲೆ ಎಳೆಯಲು ಹೇಳಿದರು. ಆರನೇ ನಂಬರು ಬಳುಕಿತು, ಚೀಲ ಕದಲಲಿಲ್ಲ. ಎಂಟಕ್ಕೆ ಚೀಲ ಸಾವಕಾಶ ಹೊರಟು ನನ್ನ ಕಾಲ ಬಳಿ ಬಂತು. ಹತ್ತಕ್ಕೆ ಎಳೆದ ಕೂಡಲೇ ಬಂತು. "ಹತ್ತ ತಗೋ" ಎಂದರು ಅತ್ತೆ. ಅದು ಸಮುದ್ರದ ಮೀನಿನದು ಎಂದು ಮಾಲೀಕ ಗೊಣಗಿದ. ಅತ್ತೆ ಸ್ಟೂಲಿನ ಮೇಲೆ ಕುಳಿತು ಸರ ತೆಗೆದರು. "ಒಂದು ಸರ ಆಗೂತನಕ ಬೀಸು, ನೋಡೂಣು." ಅಂಗಡಿಯ ಹೊರಗೆ ಬೇರಿಂಗ್ ಕೊಳ್ಳಲು ಬಂದವರ ಎದುರಿಗೆ ನಾನು ಹತ್ತನೇ ನಂಬರು ಬೀಸಿದೆ. ಅರವತ್ತನೆಯ ಮಣಿಗೆ ಭುಜ ನಡುಗಿತು. "ಸಾಕಿಡು. ನಿನ್ನ ಕೈ ಸೋತ್ರ ಮೀನಕ್ಕೂ ಸುಖ ಇಲ್ಲ" ಎಂದು ಎಂಟಕ್ಕೆ ಇಳಿದರು. ಎಂಟನ್ನು ನಾನು ನೂರಾ ಎಂಟರ ತನಕ ಬೀಸಿದೆ.

ಇನ್ನು ರೀಲು. ದೊಡ್ಡ ಮೀನು ಓಡುವಾಗ ದಾರ ಬಿಟ್ಟುಕೊಡುತ್ತಾ ಹದವಾಗಿ ತಡೆಯಲು ಅದಕ್ಕೊಂದು ಬ್ರೇಕು ಇರಬೇಕು. ಮಾಲೀಕ ಎರಡು ಇಟ್ಟ, ಹೊಳೆಯುವುದೊಂದು, ಮಂಕಾದದ್ದೊಂದು. ನನ್ನ ಕಣ್ಣು ಹೊಳೆಯುವುದರ ಮೇಲೆ. ಅತ್ತೆ ಕಣ್ಣು ಮುಚ್ಚಿ ಎರಡರಿಂದಲೂ ದಾರ ಎಳೆದು ನೋಡಿದರು. ಸಣ್ಣವರಿದ್ದಾಗ ಊರ ಬಾವಿಯ ಗಡಗಡೆಯಲ್ಲಿ ದಿನಕ್ಕೆ ಇಪ್ಪತ್ತು ಕೊಡ ಸೇದಿದ ಕೈ ಅದು. "ಈ ಥಳಥಳದ್ದು ಮೊದಲ ಜಗ್ಗಿದಾಗ ಹಟ ಮಾಡ್ತೈತಿ, ಆಮ್ಯಾಲೆ ದಡಗ್ಗನ ಬಿಡ್ತೈತಿ. ಇಂಥಾ ಗಡಗಡಿನ ಹಗ್ಗ ಹರೀತಿತ್ತು ನಮ್ದು." ಮಂಕಾದ ರೀಲು ಮೊದಲ ಎಳೆತಕ್ಕೇ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಅದನ್ನೇ ಕಟ್ಟಿಸಿಕೊಂಡೆವು. ಮಾಲೀಕ ಬಾಗಿಲ ತನಕ ಬಂದು ಅತ್ತೆಗೆ ಸಲಾಮು ಮಾಡಿದ, ನನಗಲ್ಲ.

ಹೊಸ ರಾಡಿಗೆ ಮೊದಲ ದೊಡ್ಡ ಗೆಂಡೆ ಬಿದ್ದ ದಿನ ಹಿಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು: "ಐವತ್ತು... ಎಪ್ಪತ್ತು... ತೊಂಬತ್ತು..." ನೂರಾ ಮೂರಕ್ಕೆ ಮೀನು ನನ್ನ ಕೈಯಲ್ಲಿತ್ತು. ಬಿಟ್ಟ ಕೂಡಲೇ ಬಾಲದಿಂದ ನನ್ನ ಮುಖಕ್ಕೆ ನೀರು ಎರಚಿ ಹೋಯಿತು. "ನೋಡು, ಸಿಟ್ಟ ಮಾಡಾಕ ಶಕ್ತಿ ಉಳದೈತಿ!" ಎಂದು ಅತ್ತೆ ಎರಡು ಹಿಡಿ ಚುರುಮುರಿ ಎಸೆದರು. ಅಂದಿನಿಂದ ಒಂದು ಮೀನೂ ನನ್ನ ಕೈಯಲ್ಲಿ ಸತ್ತಿಲ್ಲ. ಕೆಲವು ಸಲ ಸರ ಬೇಗ ಮುಗಿಯುತ್ತಿತ್ತು, "ಬಿಡು" ಎನ್ನುತ್ತಿದ್ದರು, ಬಿಡುತ್ತಿದ್ದೆ. ಒಳಗೊಳಗೇ ಬೈದುಕೊಂಡದ್ದೂ ಉಂಟು.

ಈ ವರ್ಷ ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲಾಗದು. ಹೋದ ವಾರ ಆ ಸರವನ್ನು ನನ್ನ ಕೊರಳಿಗೇ ಹಾಕಿ, "ಇನ್ನ ನೀನ ಎಣಿಸ್ಕೋ" ಎಂದರು. ಇವತ್ತು ಒಬ್ಬಳೇ ಹೋದೆ. ಹೋದ ಅರ್ಧ ತಾಸಿಗೆ ಬಿತ್ತು ನೋಡಿ, ನನ್ನ ಜನ್ಮದಲ್ಲಿ ಕಂಡದ್ದರಲ್ಲೇ ದೊಡ್ಡದು. ಎರಡೂ ಕೈ ರಾಡಿನ ಮೇಲಿರುವಾಗ ಮಣಿ ಹಿಡಿಯುವುದು ಎಲ್ಲಿಂದ? ಬಾಯಲ್ಲೇ ಎಣಿಸಿದೆ. ಓಂ ನಮಃ ಶಿವಾಯ ಒಂದು, ಓಂ ನಮಃ ಶಿವಾಯ ಎರಡು. ನೂರಕ್ಕೆ ಅದರ ಬೆನ್ನು ಕಂಡಿತು. ನೂರಾ ಐದಕ್ಕೆ ಎರಡು ಮಾರು ದೂರ. ನೂರಾ ಎಂಟು. ಸುತ್ತ ಯಾರೂ ಇರಲಿಲ್ಲ. ಇನ್ನೊಂದು ನಿಮಿಷ ಸಾಕಿತ್ತು. ಮನಸ್ಸು ಏನೇನು ಹೇಳಿತು ಎಂದು ನಿಮಗೆ ಹೇಳಲಾರೆ. ಆದರೆ ರಾಡು ಕೆಳಗಿಳಿಸಿದೆ. ಮೀನು ಒಮ್ಮೆ ತಲೆ ಕೊಡವಿ ಹೋಯಿತು.

ಧೈರ್ಯ ಬಂತು. ಒಳಗೆ ಹೋಗಿ ಅತ್ತೆಯ ಮಂಚದ ಹತ್ತಿರ ಕುಳಿತೆ.

"ಬರ್ಲಿಲ್ರಿ. ಎರಡ ಮಾರ ಇತ್ತು. ಸರ ಮುಗೀತು, ಬಿಟ್ಟೆ."

ಅತ್ತೆ ನನ್ನನ್ನೇ ನೋಡಿದರು. "ದಣದಿತ್ತೇನು? ಮಗ್ಗಲಾ ಆಗಿತ್ತೇನು?"

ನಾನು ಯೋಚಿಸಿದೆ. ಗೊತ್ತಿರಲಿಲ್ಲ. "ನಾ ಎಣಸಾಕತ್ತಿದ್ನಲ್ರಿ, ಅದನ್ನ ನೋಡ್ಲಿಲ್ಲ."

ಅವರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಎಲಾ ಹುಚ್ಚಿ! ನಾ ಯಾವತ್ತರೆ ಮಣಿ ನೋಡೀನೇನ? ಮೀನ ನೋಡ್ತಿದ್ದೆ. ಅದಕ್ಕ ಕಸುವಿದ್ರ ಮಣಿ ಸಾವಕಾಶ ಜರುಗಸ್ತಿದ್ದೆ. ದಣೀತಂದ್ರ ನಾಕ ನಾಕ ಮಣಿ ಒಮ್ಮೆಲೆ ದಾಟಸ್ತಿದ್ದೆ."

"ಅಂದ್ರ ಆ ನೂರಾ ಮೂರು?"

"ಏನರೆ ಒಂದ ಹೇಳಬೇಕಲ್ಲ, ಹೇಳಿದೆ."

ಇಷ್ಟು ವರ್ಷ ನಾನು ಆ ಎಣಿಕೆಯ ಹೆದರಿಕೆಗೆ ಬೆವರಿದ್ದೆ, ಅದರ ಮೇಲೆ ರಾಡು ಆರಿಸಿದ್ದೆ, ಇವತ್ತು ಯಾರೂ ಇಲ್ಲದಾಗಲೂ ಅದಕ್ಕೆ ತಲೆಬಾಗಿದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಮೊಣಕಾಲಿನ ಮೇಲೆ ತಲೆಯಿಟ್ಟು ನಾನೂ ನಕ್ಕೆ. "ಸಾವಕಾಶ, ಕಾಲ್ನೋವೈತಿ" ಎಂದು ತಲೆಗೆ ಒಂದು ಮೊಟಕಿದರು. ಆಮೇಲೆ ನನ್ನ ಕೊರಳಿನಿಂದ ಸರ ತೆಗೆದು ತಾವೇ ಹಾಕಿಕೊಂಡರು.

"ಮುಂದಿನ ಐತವಾರ ಆಟೋನ ಗುಡಿ ಬಾಗಲತನಕ ಒಯ್ಯಾಕ ಹೇಳು. ಮೆಟ್ಟಲಾ ಇಳಿಯೂದಿಲ್ಲ, ಮ್ಯಾಲಿಂದನ ನೋಡ್ತೀನಿ. ನಿನಗ ನೋಡಾಕ ಕಲಸೂತನಕ ಬರಬೇಕಾತಲ್ಲ ಇನ್ನ."

ನಾನು ಎದ್ದು ಅಟ್ಟದ ಮೇಲೆ ಮಡಚುವ ಕುರ್ಚಿ ಎಲ್ಲಿದೆ ಎಂದು ಹುಡುಕಲು ಹೋದೆ.