ಹೆಸರು ಹೇಳಿಸಿ ನಕ್ಕವರು

ಮಂಗಳವಾರ ನನ್ನ ಕಣ್ಣೆದುರಿಗೇ ಒಬ್ಬ ಹೆಣ್ಣುಮಗಳು ಮೂರು ಸಲ ಗಂಡನ ಹೆಸರು ಹೇಳಿದಳು. ಮೂರೂ ಸಲ ಅರ್ಜಿ ಬರೆಯುವ ಮುನ್ಷಿಗೆ ಕೇಳಿಸಲಿಲ್ಲ. ಆತ ಕಿವುಡನಲ್ಲ.

ಎಲ್ಲಿ ಎಂದು ಬರೆಯುವುದಿಲ್ಲ. ನಮ್ಮ ಸೀಮೆಯ ಒಂದು ಕಚೇರಿ ಅನ್ನಿ. (ಈ ಪತ್ರಿಕೆ ಅಚ್ಚಾಗುವುದು ನಿಜಾಮರ ಗಡಿಯಾಚೆ. ನಾನಿರುವುದು ಈಚೆ. ನನ್ನ ಧೈರ್ಯ ಅಷ್ಟೇ.) ಹೊಲದ ಕಾಗದದ ನಕಲು ಕೇಳಲು ಹೋಗಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಆಕೆ ಬೇವೂರಿನ ಕಡೆಯವಳು. ನಡೆದು ಬಂದಿದ್ದಳು. ಕಂಕುಳಲ್ಲಿ ರೊಟ್ಟಿಯ ಗಂಟು. ಗಂಡನನ್ನು ಎರಡು ದಿನದಿಂದ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಆತನ ಅಪರಾಧವೇನು? ಸಂಚಾರಕ್ಕೆ ಬಂದ ಅಧಿಕಾರಿಯ ಸಾಮಾನು ಹೇರಲು ಬಿಟ್ಟಿ ಬಂಡಿ ಕೊಡಲಿಲ್ಲ. ಎತ್ತು ಕುಂಟುತ್ತಿತ್ತು. ಕಚೇರಿಯ ಸಾಹೇಬರು ಊಟಕ್ಕೆ ಏಳುವುದರೊಳಗೆ ಅರ್ಜಿ ಅವರ ಮುಂದೆ ಹೋದರೆ ಬಿಡುಗಡೆ. ಹೋಗದಿದ್ದರೆ ಮಧ್ಯಾಹ್ನದ ಮೋಟಾರಿನಲ್ಲಿ ಜಿಲ್ಲೆಯ ಜೈಲು.

ಮುನ್ಷಿ ಅರ್ಜಿ ಬರೆಯಲು ಕುಳಿತ. "ಗಂಡನ ಹೆಸರೇನವಾ?"

ಆಕೆ ಸೆರಗು ಎಳೆದುಕೊಂಡು ಸುತ್ತ ನೋಡಿದಳು. ತನ್ನ ಪರವಾಗಿ ಹೇಳಲು ಊರಿನವರು ಯಾರೂ ಇರಲಿಲ್ಲ. ಹೆಂಡತಿ ಗಂಡನ ಹೆಸರನ್ನು ಬರಿದೆ ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಒಡಪು ಎಂಬ ಒಗಟಿನಂಥ ಪದ ಕಟ್ಟಿ, ಹೆಸರನ್ನು ಅದರೊಳಗಿಟ್ಟು ಹೇಳಬಹುದು. ಆಕೆ ಹಾಗೇ ಹೇಳಿದಳು:

"ಇರುವಿ ಏರಿ ಆನಿ ಸಂತಿಗಿ ಹೋತು, ಗುಡ್ಡಾ ಮಾರಿ ಮೆಣಸಿನಕಾಯಿ ತಂತು, ಗುಡ್ಡಾ ಕೊಂಡಾವರು ನಮ್ಮ ಸಂಗಪ್ಪನವರು."

ಹೆಸರು ಬಂತು. ನನಗೆ ಕೇಳಿಸಿತು. ಮುನ್ಷಿಗೂ ಕೇಳಿಸಿತು. ಆತನ ಲೇಖನಿ ಕಾಗದದ ಮೇಲೆ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ನಂತರ ಆತ ಲೇಖನಿಯನ್ನು ಕೆಳಗಿಟ್ಟ.

"ಸಂಗಪ್ಪ ಅನ್ನೂದು ಆನಿ ಹೆಸರೋ? ಇರುವಿ ಹೆಸರೋ? ತಿಳೀಲಿಲ್ಲಬೇ. ಇನ್ನೊಂದು ಹೇಳು."

ಕಚೇರಿಯವರೆಲ್ಲ ಬಂದು ಸುತ್ತ ನಿಂತರು. ಆಕೆ ಮತ್ತೊಂದು ಹೇಳಿದಳು. ಕಪ್ಪೆ ಕುಬಸ ಹೊಲಿಯಿತು, ಮೊಸಳೆ ಗುಂಡಿ ಹಚ್ಚಿತು, ಅದನ್ನು ತಂದವರು ಸಂಗಪ್ಪನವರು. ಜವಾನ ಗೋಡೆಗೆ ಒರಗಿ ನಕ್ಕ. "ಏ, ಭಾಳ ಛಲೋ ಅದ! ಇನ್ನೊಂದು ಬರಲಿ!"

"ಸಾಹೇಬ್ರ ಏಳತಾರ್ರೀ ಯಪ್ಪಾ," ಅಂದಳು.

"ಎದ್ದರ ಏಳ್ಲಿ. ನೀ ಹೇಳು."

"ಬಾವಿಗಿ ನೀರಡಿಕಿ ಆತು, ನೀರು ಕೇಳಕೋತ ಮನಿಗಿ ಬಂತು, ತಂಬಿಗಿ ಕೊಟ್ಟಾವರು ಸಂಗಪ್ಪನವರು."

ಇದಕ್ಕೆ ನಾನೂ ನಕ್ಕೆ. ಬರೆದುಬಿಡುತ್ತೇನೆ: ನಕ್ಕೆ.

ತಲೆಬುಡವಿಲ್ಲದ ಇಂಥ ಮಾತು ಕೆಲವರಿಗೆ ಯಾಕೆ ಇಷ್ಟು ಹಿಡಿಸುತ್ತದೆ? ನಾಲ್ಕು ದಿನದಿಂದ ಇದೇ ಯೋಚನೆ. ಮದುವೆಮನೆಯಲ್ಲಿ ನಮ್ಮ ಸೋದರತ್ತೆ, ಚಿಗವ್ವ ಒಡಪು ಹೇಳಿ ಕಣ್ಣೀರು ಬರುವಂತೆ ನಗುವುದನ್ನು ಕಂಡಿದ್ದೇನೆ. ಅವರ ನಗು ನನಗೆ ಅರ್ಥವಾಗುತ್ತದೆ. ಅರ್ಥವಿರುವ ಮಾತು ಆಡಿದರೆ ತಿದ್ದಲು ಅತ್ತೆಯಿದ್ದಾಳೆ, ಗಂಡನಿದ್ದಾನೆ, ಗೌಡನಿದ್ದಾನೆ. ಇರುವೆ ಏರಿದ ಆನೆಯನ್ನು ಯಾರು ತಿದ್ದುತ್ತಾರೆ? ಅಷ್ಟು ಹೊತ್ತು ಲೋಕ ಅವರ ಹೇಳಿಕೆಯಂತೆ ನಡೆಯುತ್ತದೆ. ಮನೆಯಲ್ಲಿ ಅವರಿಗೆ ಬೇರೆ ಯಾವ ಅಧಿಕಾರವಿದೆ?

ಮುನ್ಷಿಯ ನಗು ಬೇರೆ. ಆತನಿಗೆ ಕಪ್ಪೆ ಬೇಕಿರಲಿಲ್ಲ, ಮೊಸಳೆಯೂ ಬೇಕಿರಲಿಲ್ಲ. ಗಂಡನನ್ನು ಬಿಡಿಸಲು ಬಂದವಳ ಬಾಯಿಂದ ಮೊಸಳೆ ಬರುತ್ತಿತ್ತಲ್ಲ, ಅದು ಬೇಕಿತ್ತು. ಎತ್ತಿನ ಕಾಲು ಕುಂಟಿದರೆ ಮನುಷ್ಯನನ್ನು ಕೂಡಿಹಾಕುತ್ತಾರೆ! ಇದಕ್ಕಿಂತ ತಲೆಬುಡವಿಲ್ಲದ ಮಾತು ಯಾವ ಒಡಪಿನಲ್ಲಿದೆ? ಅದಕ್ಕೆ ಮಾತ್ರ ಆ ಕಚೇರಿಯಲ್ಲಿ ಒಬ್ಬನೂ ನಗಲಿಲ್ಲ.

ನಾನು ಬಾಯಿ ಬಿಡಬಹುದಿತ್ತಲ್ಲ? "ಸಂಗಪ್ಪ ಅಂದಳಲ್ರೀ, ಬರೀರಿ." ಇಷ್ಟೇ ಮಾತು. ನನ್ನ ನಕಲು ಆತನ ಮೇಜಿನ ಮೇಲಿತ್ತು. ಆಡಲಿಲ್ಲ.

"ನಾಕನೇದು?" ಅಂದ ಮುನ್ಷಿ.

ಒಳಗೆ ಸಾಹೇಬರ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಕೆ ರೊಟ್ಟಿಯ ಗಂಟನ್ನು ನೆಲಕ್ಕಿಟ್ಟಳು. ಸೆರಗಿನಿಂದ ಕೈ ತೆಗೆದಳು.

"ಸಂಗಪ್ಪ," ಅಂದಳು. "ಸಂಗಪ್ಪ. ನನ್ನ ಗಂಡ. ಬರಕೋರ್ರೀ."

ಯಾರೂ ನಗಲಿಲ್ಲ. ಜವಾನ ನೆಲ ನೋಡಿದ. "ಇದನ್ನ ಮೊದಲ ಹೇಳಾಕ ಏನಾಗಿತ್ತು?" ಎಂದು ಗೊಣಗುತ್ತ ಮುನ್ಷಿ ಬರೆದ. ಬರೆದು ಮುಗಿಸುವಷ್ಟರಲ್ಲಿ ಸಾಹೇಬರು ಊಟಕ್ಕೆ ಹೊರಟುಹೋಗಿದ್ದರು. ಅವರು ತಿರುಗಿ ಬರುವ ಮೊದಲೇ ಸಂಗಪ್ಪನನ್ನು ಹೊತ್ತು ಮೋಟಾರು ಹೊರಟಿತು. ಆಕೆ ರಸ್ತೆಯ ತಿರುವಿನವರೆಗೆ ಅದರ ಹಿಂದೆ ಓಡಿದಳು. ಗಂಟು ಕಚೇರಿಯ ನೆಲದ ಮೇಲೇ ಉಳಿದಿತ್ತು. ತಾನು ಹೆಸರು ಹೇಳಿದ್ದರಿಂದಲೇ ಹೀಗಾಯಿತೆಂದು ಆಕೆ ಬದುಕಿರುವವರೆಗೂ ನಂಬುತ್ತಾಳೆ. ನಂಬಬೇಡವೆಂದು ಹೇಳಲು ನನಗೆ ಯಾವ ಮುಖವಿದೆ?

ಮುನ್ಷಿ ನನ್ನ ನಕಲು ಕೈಗಿಟ್ಟ. "ಬಾವೀದು ಭಾಳ ಚಂದ ಇತ್ತು ಬಿಡ್ರಿ ಮಾಸ್ತರ್ರ. ನಿಮ್ಮ ಪೇಪರಿನ್ಯಾಗ ಹಾಕ್ರಿ, ಮಂದಿ ನಗತಾರ."

ಹಾಕಿದ್ದೇನೆ. ನಗಿರಿ.